ಗಿಟಾರ್ ತಯಾರಿಕೆ: ಮರದ ತೇವಾಂಶ ನಿಭಾಯಿಸುವುದು ಹೇಗೆ? ಹಲಗೆ ಬಾಗದಂತೆ, ಬಿರುಕು ಬಿಡದಂತೆ ತಡೆಯಲು ತಿಳಿದಿರಬೇಕಾದ ವಿಷಯಗಳು

ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಗಳ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬೇಸಿಗೆ ಬಂದಾಗ ಅದೇ ಬಾಗಿಲು ಸಡಿಲವಾಗಿ, ಹಲಗೆಗಳ ನಡುವೆ ಬೆಳಕಿನ ಗೆರೆ ಕಾಣುತ್ತದೆ. ಬಾಗಿಲಿನ ವಿಷಯದಲ್ಲಿ ಇದು ಸಣ್ಣ ಕಿರಿಕಿರಿ ಅಷ್ಟೇ. ಆದರೆ ಕೇವಲ ಎರಡು ಮೂರು ಮಿಲಿಮೀಟರ್ ದಪ್ಪದ ಹಲಗೆಗಳಿಂದ ಕಟ್ಟುವ ಅಕೌಸ್ಟಿಕ್ ಗಿಟಾರ್‌ನಲ್ಲಿ ಇದೇ ಹಿಗ್ಗುವಿಕೆ, ಕುಗ್ಗುವಿಕೆ ತಿಂಗಳುಗಟ್ಟಲೆಯ ಶ್ರಮವನ್ನು ಒಂದೇ ರಾತ್ರಿಯಲ್ಲಿ ಹಾಳು ಮಾಡಬಲ್ಲದು.

ಮುಂಬೈಯ ಜುಲೈ ಮಳೆಯಲ್ಲಿ ಅಂಟು ಹಾಕಿ ಜೋಡಿಸಿದ ಗಿಟಾರ್ ಒಂದನ್ನು ಮರುವರ್ಷದ ಮೇ ತಿಂಗಳಲ್ಲಿ ದೆಹಲಿಗೆ ಕೊಂಡೊಯ್ದರೆ ಏನಾಗುತ್ತದೆ? ಬಹುತೇಕ ಸಂದರ್ಭಗಳಲ್ಲಿ ಅದರ ಮುಂಭಾಗದ ಹಲಗೆ ಒಳಕ್ಕೆ ಕುಸಿಯುತ್ತದೆ, ಇಲ್ಲವೇ ಸೀಳು ಬಿಡುತ್ತದೆ. ಇದಕ್ಕೆ ಮರವೂ ಕಾರಣವಲ್ಲ, ನುಡಿಸುವವರೂ ಕಾರಣರಲ್ಲ. ಅಂಟು ಹಾಕಿದ ದಿನ ಕೋಣೆಯ ಹವೆಯಲ್ಲಿ ಎಷ್ಟು ತೇವವಿತ್ತು ಎಂಬುದೇ ಇಲ್ಲಿ ನಿರ್ಣಾಯಕ. ಮನೆಯಲ್ಲೇ ಗಿಟಾರ್ ಕಟ್ಟುವ ಹವ್ಯಾಸಿಗಳು, ಸಣ್ಣ ಕಾರ್ಯಾಗಾರ ನಡೆಸುವವರು ಮತ್ತು ದುಬಾರಿ ಗಿಟಾರ್ ಕೊಳ್ಳುವವರು ಈ ವಿಷಯದಲ್ಲಿ ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ಮರ ಏಕೆ ಹಿಗ್ಗುತ್ತದೆ, ಏಕೆ ಕುಗ್ಗುತ್ತದೆ?

ಹಸಿ ಮರದಲ್ಲಿ ನೀರು ಎರಡು ರೀತಿಯಲ್ಲಿ ಇರುತ್ತದೆ. ಜೀವಕೋಶಗಳ ಟೊಳ್ಳಿನಲ್ಲಿ ತುಂಬಿಕೊಂಡ ನೀರು ಒಂದು, ಕೋಶಗಳ ಗೋಡೆಯೊಳಗೇ ಹೀರಿಕೊಂಡ ನೀರು ಇನ್ನೊಂದು. ಮರ ಒಣಗುವಾಗ ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಕಡಿಮೆಯಾಗುತ್ತದೆಯೇ ಹೊರತು ಗಾತ್ರ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ. 28-30ಕ್ಕೆ ಇಳಿದ ಮೇಲೆ ಗೋಡೆಯೊಳಗಿನ ನೀರು ಹೊರಡಲು ಆರಂಭಿಸುತ್ತದೆ. ಮರ ಕುಗ್ಗುವುದು ಅಲ್ಲಿಂದ ಮುಂದೆ.

ಒಣಗಿದ ಮರವೂ ಸುಮ್ಮನಿರುವುದಿಲ್ಲ. ಸುತ್ತಲಿನ ಹವೆಯಲ್ಲಿ ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಹೀಗೆ ಹವೆಯೊಂದಿಗೆ ಸಮತೋಲನಕ್ಕೆ ಬಂದ ಹಂತವನ್ನು ಸಮತೋಲನ ತೇವಾಂಶ ಎನ್ನುತ್ತಾರೆ. ಸಾಮಾನ್ಯ ಕೋಣೆಯ ತಾಪಮಾನದಲ್ಲಿ ಈ ಲೆಕ್ಕ ಸರಿಸುಮಾರು ಹೀಗಿರುತ್ತದೆ:

- ಹವೆಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಸುಮಾರು ಶೇ. 6
- ಆರ್ದ್ರತೆ ಶೇ. 45 ಇದ್ದರೆ ತೇವಾಂಶ ಸುಮಾರು ಶೇ. 8.5
- ಆರ್ದ್ರತೆ ಶೇ. 65 ಇದ್ದರೆ ತೇವಾಂಶ ಸುಮಾರು ಶೇ. 12
- ಆರ್ದ್ರತೆ ಶೇ. 80 ಇದ್ದರೆ ತೇವಾಂಶ ಸುಮಾರು ಶೇ. 16

ಮರದ ಜಾತಿಯನ್ನು ಅವಲಂಬಿಸಿ ಈ ಅಂಕಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದರೆ ಗಮನಿಸಬೇಕಾದ ಅಂಶವೆಂದರೆ, ಎಷ್ಟೇ ವರ್ಷ ಒಣಗಿಸಿದ ಮರವಾದರೂ ಮಳೆಗಾಲದ ಹವೆಯಲ್ಲಿ ತೆರೆದಿಟ್ಟರೆ ಮತ್ತೆ ತೇವ ಹೀರುತ್ತದೆ. 'ಹಳೆಯ ಮರ, ಇನ್ನು ಅಲುಗುವುದಿಲ್ಲ' ಎಂಬ ನಂಬಿಕೆ ಅರ್ಧ ಸತ್ಯ ಮಾತ್ರ.

ಎಲ್ಲ ದಿಕ್ಕಿಗೂ ಒಂದೇ ರೀತಿ ಕುಗ್ಗುವುದಿಲ್ಲ

ಮರದ ಎಳೆಯ ಉದ್ದಕ್ಕೆ ಆಗುವ ಬದಲಾವಣೆ ಅತ್ಯಲ್ಪ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಶೇ. 0.1-0.2ರಷ್ಟು ಮಾತ್ರ. ಆದರೆ ಎಳೆಗೆ ಅಡ್ಡಲಾಗಿ ಕುಗ್ಗುವುದು ಹಲವು ಪಟ್ಟು ಹೆಚ್ಚು. ಅದರಲ್ಲೂ ಎರಡು ಬಗೆ ಇದೆ. ಮರದ ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಕುಗ್ಗುವುದು ಕಡಿಮೆ, ವಾರ್ಷಿಕ ಉಂಗುರಗಳ ಜಾಡಿನಲ್ಲಿ ಕುಗ್ಗುವುದು ಹೆಚ್ಚು.

ಗಿಟಾರ್‌ನ ಮುಂಭಾಗಕ್ಕೆ ಹೆಚ್ಚಾಗಿ ಬಳಸುವ ಸಿಟ್ಕಾ ಸ್ಪ್ರೂಸ್ ಮರವನ್ನೇ ನೋಡಿ. ಹಸಿಯಿಂದ ಪೂರ್ತಿ ಒಣಗುವಾಗ ಅದು ಮೊದಲ ದಿಕ್ಕಿನಲ್ಲಿ ಸುಮಾರು ಶೇ. 4.3, ಎರಡನೆಯ ದಿಕ್ಕಿನಲ್ಲಿ ಸುಮಾರು ಶೇ. 7.5 ಕುಗ್ಗುತ್ತದೆ. ನಮ್ಮ ಬೀಟೆ ಮರದಲ್ಲಿ ಈ ಪ್ರಮಾಣ ಸುಮಾರು ಶೇ. 2.7 ಮತ್ತು ಶೇ. 5.8. ಬೀಟೆ ತುಲನಾತ್ಮಕವಾಗಿ ಸ್ಥಿರವಾದ ಮರ ಎಂದು ಕುಶಲಕರ್ಮಿಗಳು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಈ ಎರಡು ದಿಕ್ಕುಗಳ ವ್ಯತ್ಯಾಸವೇ ಹಲಗೆ ಬಾಗುವುದಕ್ಕೆ ಮೂಲ. ದಿಮ್ಮಿಯನ್ನು ಮೇಲಿಂದ ಕೆಳಗೆ ಸಾಲಾಗಿ ಸೀಳಿದಾಗ ಸಿಗುವ ಹಲಗೆಯಲ್ಲಿ ಉಂಗುರಗಳು ಕಮಾನಿನಂತೆ ಕಾಣುತ್ತವೆ. ಒಣಗಿದಾಗ ಅಂಥ ಹಲಗೆ ತೊಗಟೆಯ ಕಡೆಯ ಮುಖದಲ್ಲಿ ತಗ್ಗಾಗಿ ದೋಣಿಯಂತೆ ಬಾಗುತ್ತದೆ. ಉಂಗುರಗಳು ಹಲಗೆಯ ಮುಖಕ್ಕೆ ನೇರವಾಗಿ ನಿಲ್ಲುವಂತೆ ಸೀಳಿದ ಹಲಗೆಯನ್ನು ಕ್ವಾರ್ಟರ್‌ಸಾನ್ ಎನ್ನುತ್ತಾರೆ. ಇದು ಕಡಿಮೆ ಕುಗ್ಗುತ್ತದೆ, ಕುಗ್ಗಿದರೂ ಸಮತಟ್ಟಾಗಿ ಉಳಿಯುತ್ತದೆ. ಗಿಟಾರ್‌ನ ಮುಂಭಾಗಕ್ಕೆ ಕ್ವಾರ್ಟರ್‌ಸಾನ್ ಹಲಗೆಯೇ ಬೇಕು ಎಂದು ಒತ್ತಾಯಿಸುವುದು ಇದಕ್ಕಾಗಿಯೇ. ಹಲಗೆಯ ತುದಿಯನ್ನು ನೋಡಿದಾಗ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಸರಿಯಾದ ಹಲಗೆ.

ಐದು ಮಿಲಿಮೀಟರ್‌ನ ಲೆಕ್ಕ

ದೊಡ್ಡ ಗಾತ್ರದ ಡ್ರೆಡ್‌ನಾಟ್ ಗಿಟಾರ್‌ನ ಕೆಳಭಾಗದ ಅಗಲ ಸುಮಾರು 400 ಮಿ.ಮೀ. ಕ್ವಾರ್ಟರ್‌ಸಾನ್ ಸ್ಪ್ರೂಸ್ ಹಲಗೆ ತೇವಾಂಶದಲ್ಲಿ ಶೇ. 1ರಷ್ಟು ಬದಲಾದರೆ ಅಗಲದಲ್ಲಿ ಸುಮಾರು ಶೇ. 0.15 ಬದಲಾಗುತ್ತದೆ. ಆರ್ದ್ರತೆ ಶೇ. 80 ಇದ್ದ ಜಾಗದಿಂದ ಶೇ. 40 ಇರುವ ಜಾಗಕ್ಕೆ ಹೋದರೆ ಹಲಗೆಯ ತೇವಾಂಶ ಶೇ. 16ರಿಂದ ಸುಮಾರು ಶೇ. 8ಕ್ಕೆ ಇಳಿಯುತ್ತದೆ. ಆಗ ಅಗಲದಲ್ಲಿ ಆಗುವ ಇಳಿಕೆ ಸುಮಾರು 5 ಮಿ.ಮೀ.

ಹಲಗೆ ಸ್ವತಂತ್ರವಾಗಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ಗಿಟಾರ್‌ನಲ್ಲಿ ಹಲಗೆಯ ಸುತ್ತಲೂ ಪಕ್ಕದ ಪಟ್ಟಿಗಳಿಗೆ ಅಂಟು ಹಾಕಿರುತ್ತದೆ. ಒಳಗಡೆ ಬ್ರೇಸ್ ಎಂಬ ಆಧಾರ ಪಟ್ಟಿಗಳನ್ನು ಹಲಗೆಯ ಎಳೆಗೆ ಅಡ್ಡಲಾಗಿ ಅಥವಾ ಓರೆಯಾಗಿ ಅಂಟಿಸಿರುತ್ತಾರೆ. ಬ್ರೇಸ್‌ಗಳು ತಮ್ಮ ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ಹಲಗೆ ಕುಗ್ಗಲು ಬಯಸುತ್ತದೆ, ಬ್ರೇಸ್ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಮೊದಲು ಹಲಗೆಯ ಉಬ್ಬು ಚಪ್ಪಟೆಯಾಗುತ್ತದೆ, ನಂತರ ಒಳಕ್ಕೆ ತಗ್ಗುತ್ತದೆ, ಕೊನೆಗೆ ಎಳೆಯ ಜಾಡಿನಲ್ಲಿ ಸೀಳುತ್ತದೆ. ಅಂಟು ದುರ್ಬಲವಾಗಿದ್ದ ಕಡೆ ಬ್ರೇಸ್ ಕಿತ್ತು ಬರುವುದೂ ಉಂಟು.

ತಂಜಾವೂರಿನ ಏಕಾಂಡ ವೀಣೆಯನ್ನು ಇದರೊಂದಿಗೆ ಹೋಲಿಸಬಹುದು. ಒಂದೇ ಹಲಸಿನ ಕೊರಡನ್ನು ಕೊರೆದು ಮಾಡುವ ಆ ವಾದ್ಯದಲ್ಲಿ ಕೊಡ, ದಂಡಿ ಒಂದೇ ಮರದ ಭಾಗವಾಗಿ ಒಂದೇ ದಿಕ್ಕಿನ ಎಳೆಯೊಂದಿಗೆ ಇರುತ್ತವೆ. ಗಿಟಾರ್ ಹಾಗಲ್ಲ. ಬೇರೆ ಬೇರೆ ಜಾತಿಯ, ಬೇರೆ ಬೇರೆ ದಿಕ್ಕಿನ ಎಳೆಯ ತೆಳು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿದ ಪೆಟ್ಟಿಗೆ ಅದು. ಹಾಗಾಗಿ ತೇವಾಂಶದ ಏರಿಳಿತಕ್ಕೆ ಅದು ಬೇಗ ಸ್ಪಂದಿಸುತ್ತದೆ.

ಬೀಟೆ ಮರ ಮತ್ತು ಕರ್ನಾಟಕದ ನಂಟು

ಜಗತ್ತಿನ ಹೆಸರಾಂತ ಗಿಟಾರ್‌ಗಳ ಹಿಂಭಾಗ ಮತ್ತು ಪಕ್ಕಗಳಿಗೆ ಒಂದು ಕಾಲದಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಳಸಲಾಗುತ್ತಿತ್ತು. ಅದರ ಪೂರೈಕೆ ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ ಕಡೆಗೆ ತಿರುಗಿತು. ಇತರ ತಯಾರಕರೂ ಅದೇ ಹಾದಿ ಹಿಡಿದರು. ಕೊಡಗು, ಮಲೆನಾಡು ಸೇರಿದಂತೆ ಪಶ್ಚಿಮ ಘಟ್ಟದ ಸೆರಗಿನಲ್ಲಿ ಬೆಳೆಯುವ ಬೀಟೆಯೇ ಈ ಮರ. ಮೈಸೂರಿನ ಕೆತ್ತುಹಾಸು ಕಲೆಗೂ ಇದೇ ಮರ ಆಧಾರ.

ಬ್ರೆಜಿಲ್ ರೋಸ್‌ವುಡ್ ಅನ್ನು 1992ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧಕ್ಕೆ ಸೇರಿಸಲಾಯಿತು. 2017ರ ಜನವರಿಯಲ್ಲಿ ಬೀಟೆ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳೂ ಎರಡನೇ ಅನುಬಂಧದಡಿ ಬಂದವು. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಹಲವು ದಶಕ ಬೆಳೆದ ಮರದಿಂದ ತೆಗೆದ ಹಲಗೆಯನ್ನು ಒಂದು ಮಳೆಗಾಲದ ಅಜಾಗರೂಕತೆಯಿಂದ ಹಾಳು ಮಾಡಿಕೊಂಡರೆ, ಅಂಥದ್ದೇ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ಮರ ಒಣಗಿಸುವುದು ಹೇಗೆ?

ದಪ್ಪ ಹಲಗೆ ತಂದವರು ಮೊದಲು ಅದರ ಎರಡೂ ತುದಿಗಳಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಬೇಕು. ಮರದ ತುದಿಯಿಂದ ನೀರು ಪಕ್ಕಗಳಿಗಿಂತ ಹಲವು ಪಟ್ಟು ವೇಗವಾಗಿ ಹೊರಹೋಗುತ್ತದೆ. ತುದಿ ಬೇಗ ಒಣಗಿ ನಡುಭಾಗ ಹಸಿಯಾಗಿಯೇ ಉಳಿದಾಗ ತುದಿಯಲ್ಲಿ ಸೀಳು ಬರುತ್ತದೆ.

ಹಲಗೆಗಳನ್ನು ನೇರವಾಗಿ ಒಂದರ ಮೇಲೊಂದು ಇಡದೆ ನಡುವೆ ಸಮಾನ ದಪ್ಪದ ಪಟ್ಟಿಗಳನ್ನು ಇಟ್ಟು ಜೋಡಿಸಬೇಕು. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಬರಬೇಕು. ಇಲ್ಲದಿದ್ದರೆ ಭಾರ ಓರೆಯಾಗಿ ಬಿದ್ದು ಹಲಗೆ ಅಲೆಯಂತೆ ಬಾಗುತ್ತದೆ. ಮೇಲೆ ಸಮತಟ್ಟಾದ ಭಾರ ಹೇರಿ, ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಬಿಸಿಲಿನಲ್ಲಿ ಒಣಗಿಸಬಾರದು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ.

ಆದರೆ ಗಾಳಿಯಲ್ಲಿ ಒಣಗಿಸಿದ ಮರ ಆ ಊರಿನ ಹವೆಯ ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚೆನ್ನೈ, ಮುಂಬೈನಂಥ ಕರಾವಳಿ ನಗರಗಳಲ್ಲಿ ಅದು ಶೇ. 12-14ರ ಆಸುಪಾಸಿನಲ್ಲೇ ನಿಂತುಬಿಡಬಹುದು. ಗಿಟಾರ್‌ಗೆ ಬೇಕಾದದ್ದು ಸುಮಾರು ಶೇ. 8. ಹಾಗಾಗಿ ಕೊನೆಯ ಹಂತದ ಒಣಗಿಸುವಿಕೆ ನಿಯಂತ್ರಿತ ಕೋಣೆಯಲ್ಲೋ, ಪೆಟ್ಟಿಗೆಯಲ್ಲೋ ಆಗಬೇಕು. ಮರದ ಒಣಗಿಸುವಿಕೆ ಮತ್ತು ಬಳಕೆ ಕುರಿತು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಸಂಶೋಧನೆ ನಡೆಸುತ್ತದೆ.

ತೇವಾಂಶ ಅಳೆಯಲು ಸರಳ ವಿಧಾನಗಳು

ಮೊದಲ ವಿಧಾನ ತೂಕದ್ದು. ಹಲಗೆಯಿಂದ ಸಣ್ಣ ತುಂಡು ಕತ್ತರಿಸಿ ತೂಕ ಮಾಡಿ, ಸುಮಾರು 103 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಬೇಕು. ಕಳೆದುಕೊಂಡ ತೂಕವನ್ನು ಒಣ ತೂಕದಿಂದ ಭಾಗಿಸಿದರೆ ತೇವಾಂಶ ಸಿಗುತ್ತದೆ. 115 ಗ್ರಾಂ ಇದ್ದ ತುಂಡು 100 ಗ್ರಾಂಗೆ ಇಳಿದರೆ ತೇವಾಂಶ ಶೇ. 15.

ಎರಡನೆಯದು ಮೀಟರ್. ಸೂಜಿ ಚುಚ್ಚುವ ಮೀಟರ್ ತೆಳು ಹಲಗೆಯಲ್ಲಿ ಗುರುತು ಉಳಿಸುತ್ತದೆ. ಸೂಜಿಯಿಲ್ಲದ ಮೀಟರ್ ಹಲಗೆಯ ದಪ್ಪ ಕಡಿಮೆಯಿದ್ದಾಗ ಕೆಳಗಿರುವ ಮೇಜಿನ ತೇವವನ್ನೂ ಸೇರಿಸಿ ಓದಬಹುದು. ಮರದ ಜಾತಿಗೆ ತಕ್ಕಂತೆ ತಿದ್ದುಪಡಿಯೂ ಬೇಕು.

ಮೂರನೆಯದು ತೆಳು ಹಲಗೆಗಳಿಗೆ ಅತ್ಯಂತ ಉಪಯುಕ್ತ. ಹಲಗೆಯನ್ನು ನಿಯಂತ್ರಿತ ಕೋಣೆಯಲ್ಲಿಟ್ಟು ದಿನವೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಹಲಗೆಯ ಮೇಲೆಯೇ ಪೆನ್ಸಿಲ್‌ನಲ್ಲಿ ದಿನಾಂಕ, ತೂಕ ಬರೆಯುತ್ತಾ ಹೋಗಬೇಕು. ಮೂರು ನಾಲ್ಕು ದಿನ ಸತತವಾಗಿ ತೂಕ ಬದಲಾಗದಿದ್ದರೆ ಹಲಗೆ ಕೋಣೆಯ ಹವೆಯೊಂದಿಗೆ ಸಮತೋಲನಕ್ಕೆ ಬಂದಿದೆ ಎಂದರ್ಥ.

ಇವೆಲ್ಲಕ್ಕೂ ಹವೆಯ ಆರ್ದ್ರತೆ ತೋರಿಸುವ ಹೈಗ್ರೋಮೀಟರ್ ನಂಬಿಕೆಗೆ ಅರ್ಹವಾಗಿರಬೇಕು. ಅಗ್ಗದ ಮೀಟರ್‌ಗಳು ಶೇ. 5-10ರಷ್ಟು ತಪ್ಪು ತೋರಿಸುವುದು ಸಾಮಾನ್ಯ. ಅದನ್ನು ಉಪ್ಪಿನಿಂದ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ನೀರಾಗದಂತೆ ಒದ್ದೆ ಮರಳಿನ ಹದಕ್ಕೆ ನೀರು ಬೆರೆಸಿ, ಹೈಗ್ರೋಮೀಟರ್ ಜತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಬೇಕು. ಒಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ಶೇ. 80 ತೋರಿಸಿದರೆ ಅದು ಶೇ. 5 ಹೆಚ್ಚು ಓದುತ್ತಿದೆ ಎಂದು ಗುರುತಿಟ್ಟುಕೊಳ್ಳಬಹುದು.

ಅಂಟು ಹಾಕಲು ಸರಿಯಾದ ಆರ್ದ್ರತೆ ಎಷ್ಟು?

ಗಿಟಾರ್ ತಯಾರಕರು ಸಾಮಾನ್ಯವಾಗಿ ಶೇ. 40ರಿಂದ 50ರ ನಡುವೆ, ಅದರಲ್ಲೂ ಶೇ. 45ರ ಆಸುಪಾಸಿನಲ್ಲಿ ಬ್ರೇಸ್ ಅಂಟಿಸುತ್ತಾರೆ. ಎಲ್ಲ ಹಂತಗಳಿಗಿಂತ ಇದೇ ಮುಖ್ಯ. ಏಕೆಂದರೆ ಆ ಕ್ಷಣದ ಹಲಗೆಯ ಅಗಲವನ್ನು ಬ್ರೇಸ್‌ಗಳು ಶಾಶ್ವತವಾಗಿ ಹಿಡಿದಿಡುತ್ತವೆ.

ಸದಾ ತೇವ ಇರುವ ಚೆನ್ನೈನಲ್ಲೇ ಉಳಿಯುವ ಗಿಟಾರ್‌ಗೂ ಶೇ. 45 ಏಕೆ ಎಂಬ ಪ್ರಶ್ನೆ ಸಹಜ. ಒಣ ಹವೆಯಲ್ಲಿ ಕಟ್ಟಿದ ಗಿಟಾರ್ ತೇವದಲ್ಲಿ ಉಬ್ಬುತ್ತದೆ, ತಂತಿಗಳು ಎತ್ತರವಾಗುತ್ತವೆ, ಧ್ವನಿ ಮಂಕಾಗುತ್ತದೆ. ಆದರೆ ಹವೆ ಒಣಗಿದಾಗ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ತೇವದಲ್ಲಿ ಕಟ್ಟಿದ ಗಿಟಾರ್ ಒಣಗಿದಾಗ ಸೀಳುತ್ತದೆ, ಸೀಳಿದ್ದು ತಾನಾಗಿ ಕೂಡುವುದಿಲ್ಲ. ಎಸಿ ಕೋಣೆಯಲ್ಲಿ ಕೆಲವು ದಿನ ಇಟ್ಟರೂ ಈ ಅಪಾಯ ಇದ್ದೇ ಇದೆ. ಹಾಗಾಗಿ ಒಣ ಬದಿಗೆ ಸ್ವಲ್ಪ ವಾಲುವುದೇ ಸುರಕ್ಷಿತ. ಅತಿಯಾಗಿ, ಅಂದರೆ ಶೇ. 35ಕ್ಕಿಂತ ಕೆಳಗೆ ಅಂಟಿಸಿದರೆ ಮಳೆಗಾಲದಲ್ಲಿ ಹೊಟ್ಟೆ ಉಬ್ಬುವ ಸಮಸ್ಯೆ ಎದುರಾಗುತ್ತದೆ.

ಮುಂಭಾಗವನ್ನು ಪೂರ್ತಿ ಚಪ್ಪಟೆಯಾಗಿ ಮಾಡದೆ ಸ್ವಲ್ಪ ಗುಮ್ಮಟದ ಆಕಾರ ಕೊಡುವುದೂ ಇದಕ್ಕೇ. ಸಾಮಾನ್ಯವಾಗಿ ಮುಂಭಾಗಕ್ಕೆ 25-30 ಅಡಿ ತ್ರಿಜ್ಯದ, ಹಿಂಭಾಗಕ್ಕೆ 12-15 ಅಡಿ ತ್ರಿಜ್ಯದ ಬಾಗು ಇರುತ್ತದೆ. ಹಲಗೆ ಕುಗ್ಗಿದಾಗ ಮೊದಲು ಈ ಉಬ್ಬು ಇಳಿಯುತ್ತದೆ. ಸೀಳು ಬರುವ ಮುನ್ನ ಅಷ್ಟು ಅವಕಾಶ ಸಿಕ್ಕಂತಾಗುತ್ತದೆ. ಹಿಂಭಾಗದ ಬ್ರೇಸ್‌ಗಳು ಎಳೆಗೆ ಸಂಪೂರ್ಣ ಅಡ್ಡವಾಗಿ ಇರುವುದರಿಂದ ಅಲ್ಲಿ ಉಬ್ಬು ಹೆಚ್ಚು ಬೇಕು, ಅಂಟು ಹಾಕುವಾಗ ಎಚ್ಚರವೂ ಹೆಚ್ಚು ಬೇಕು.

ಮಳೆಗಾಲದಲ್ಲಿ ಕೆಲಸ ಮಾಡುವುದು ಹೇಗೆ?

ಸಣ್ಣ ಕೋಣೆಯ ಬಾಗಿಲು, ಕಿಟಕಿಗಳ ಸಂದು ಮುಚ್ಚಿ ಡಿಹ್ಯೂಮಿಡಿಫೈಯರ್ ಇಡುವುದು ಉತ್ತಮ ದಾರಿ. ಎಸಿಯೂ ತೇವ ತೆಗೆಯುತ್ತದೆ. ಆದರೆ ಹಗಲು ಎಸಿ ಹಾಕಿ ರಾತ್ರಿ ಕಿಟಕಿ ತೆರೆದರೆ ಹಲಗೆ ದಿನಕ್ಕೊಮ್ಮೆ ಕುಗ್ಗಿ ಹಿಗ್ಗುತ್ತದೆ. ಹೀಗಾಗಿ ಎಸಿ ಹಾಕದ ವೇಳೆಯಲ್ಲಿ ಹಲಗೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು.

ಇಡೀ ಕೋಣೆಯನ್ನು ಒಣಗಿಸಲು ಸಾಧ್ಯವಿಲ್ಲದವರಿಗೆ ಬೆಚ್ಚಗಿನ ಪೆಟ್ಟಿಗೆ ನೆರವಾಗುತ್ತದೆ. ಹವೆಯನ್ನು ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 85 ಆರ್ದ್ರತೆಯ ಹವೆಯನ್ನು 40 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ ಸುಮಾರು ಶೇ. 41ಕ್ಕೆ ಬರುತ್ತದೆ. ಪ್ಲೈವುಡ್ ಪೆಟ್ಟಿಗೆಯ ತಳದಲ್ಲಿ ಹಳೆಯ ಮಾದರಿಯ ಫಿಲಮೆಂಟ್ ಬಲ್ಬ್, ಮೇಲೆ ಒಂದೆರಡು ರಂಧ್ರ, ಒಳಗೆ ಹೈಗ್ರೋಮೀಟರ್ ಮತ್ತು ಥರ್ಮಾಮೀಟರ್ ಇದ್ದರೆ ಸಾಕು. ಎಲ್‌ಇಡಿ ಬಲ್ಬ್‌ನಲ್ಲಿ ಸಾಕಷ್ಟು ಶಾಖ ಬರುವುದಿಲ್ಲ. ಬಲ್ಬ್ ಮರಕ್ಕೆ ತಾಗದಂತೆ ಲೋಹದ ಜಾಲರಿ ಹಾಕುವುದು, ಯಾರೂ ಇಲ್ಲದಾಗ ಆರಿಸುವುದು ಕಡ್ಡಾಯ.

ಪೆಟ್ಟಿಗೆಯಿಂದ ತೆಗೆದ ತೆಳು ಹಲಗೆ ಗಂಟೆಗಳಲ್ಲೇ ಮತ್ತೆ ತೇವ ಹೀರಲು ಆರಂಭಿಸುತ್ತದೆ. ಹಾಗಾಗಿ ಬ್ರೇಸ್, ಅಂಟು, ಕ್ಲ್ಯಾಂಪ್ ಎಲ್ಲವನ್ನೂ ಮೊದಲೇ ಸಿದ್ಧವಾಗಿಟ್ಟು, ಒಮ್ಮೆ ಅಂಟಿಲ್ಲದೆ ಜೋಡಿಸಿ ನೋಡಿ, ನಂತರ ಹಲಗೆ ಹೊರತೆಗೆಯಬೇಕು. ಮಳೆ ಜೋರಾಗಿರುವ ವಾರಗಳಲ್ಲಿ ನೆಕ್ ಕೆತ್ತುವುದು, ಅಚ್ಚು ತಯಾರಿಸುವುದು, ಉಪಕರಣ ಹರಿತಗೊಳಿಸುವುದು ಇಂಥ ಕೆಲಸ ಇಟ್ಟುಕೊಂಡು, ಬ್ರೇಸ್ ಅಂಟಿಸುವುದನ್ನು ಮುಂದೂಡುವುದು ಜಾಣತನ.

ತೆಳು ಹಲಗೆ ಬಾಗದಂತೆ ಇಡುವುದು

ಹಲಗೆಯನ್ನು ತೆಳುವಾಗಿಸಿ ಮೇಜಿನ ಮೇಲೆ ಹಾಗೇ ಬಿಟ್ಟು ಮನೆಗೆ ಹೋದವರು ಮರುದಿನ ಅದು ಹಪ್ಪಳದಂತೆ ಬಾಗಿರುವುದನ್ನು ನೋಡುತ್ತಾರೆ. ಮೇಲಿನ ಮುಖಕ್ಕೆ ಹವೆ ತಾಗಿರುತ್ತದೆ, ಕೆಳಗಿನ ಮುಖಕ್ಕೆ ಇಲ್ಲ. ತೇವ ಹೆಚ್ಚಿರುವ ಮುಖ ಹಿಗ್ಗಿ ಉಬ್ಬುತ್ತದೆ, ಒಣ ಮುಖ ತಗ್ಗಾಗುತ್ತದೆ.

- ಹಲಗೆಯನ್ನು ಪಟ್ಟಿಗಳ ಮೇಲೆ ಇಟ್ಟು ಎರಡೂ ಮುಖಕ್ಕೆ ಸಮಾನ ಗಾಳಿ ಸಿಗುವಂತೆ ಮಾಡಬೇಕು. ಇಲ್ಲವೇ ಎರಡು ಸಮತಟ್ಟಾದ ಹಲಗೆಗಳ ನಡುವೆ ಬಿಗಿಯಾಗಿ ಮುಚ್ಚಿಡಬೇಕು.
- ದಪ್ಪ ಕಡಿಮೆ ಮಾಡುವಾಗ ಎರಡೂ ಮುಖಗಳಿಂದ ಸಮನಾಗಿ ತೆಗೆಯಬೇಕು. ಒಮ್ಮೆಗೇ ಕೊನೆಯ ದಪ್ಪಕ್ಕೆ ಹೋಗದೆ, ಅರ್ಧ ಮಿಲಿಮೀಟರ್ ಉಳಿಸಿ ಕೆಲವು ದಿನ ಬಿಟ್ಟು ನಂತರ ಮುಗಿಸಬೇಕು.
- ಬಾಗಿದ ಹಲಗೆಯನ್ನು ಬಲವಂತವಾಗಿ ಒತ್ತಿ ಅಂಟಿಸಬಾರದು. ತಗ್ಗಾದ ಮುಖಕ್ಕೆ ಒದ್ದೆ ಬಟ್ಟೆಯಿಂದ ತೆಳುವಾಗಿ ಒರೆಸಿ, ಪಟ್ಟಿಗಳ ನಡುವೆ ಭಾರ ಹೇರಿ ಕೆಲವು ದಿನ ಬಿಟ್ಟರೆ ಬಹುತೇಕ ಸರಿಯಾಗುತ್ತದೆ.
- ಬ್ರೇಸ್ ಅಂಟಿಸಿದ ಮೇಲೆ ಪೆಟ್ಟಿಗೆ ಮುಚ್ಚುವವರೆಗೂ ಹಲಗೆಯನ್ನು ನಿಯಂತ್ರಿತ ಹವೆಯಲ್ಲೇ ಇಡಬೇಕು. ಪಕ್ಕಗಳಿಗೆ ಅಂಟಿಸಿದ ನಂತರ ಆಕಾರ ಗಟ್ಟಿಯಾಗುತ್ತದೆ.

ಪಕ್ಕದ ಪಟ್ಟಿಗಳನ್ನು ಸುಮಾರು 2 ಮಿ.ಮೀ. ದಪ್ಪಕ್ಕೆ ತಂದು, ನೀರು ಚಿಮುಕಿಸಿ, ಬಿಸಿ ಕಬ್ಬಿಣದ ಮೇಲೆ ಬಗ್ಗಿಸುತ್ತಾರೆ. ಇಲ್ಲಿ ನೀರು ಹೆಚ್ಚಾದಷ್ಟೂ ಪಟ್ಟಿ ಅಗಲದಲ್ಲಿ ದೋಣಿಯಂತಾಗುವ ಸಾಧ್ಯತೆ ಹೆಚ್ಚು. ಬಗ್ಗಿಸಿದ ನಂತರ ಅಚ್ಚಿನಲ್ಲೇ ಬಿಗಿದು ಕೆಲವು ದಿನ ಒಣಗಲು ಬಿಡಬೇಕು. ಒದ್ದೆಯಿರುವಾಗಲೇ ಅಂಟಿಸಿದರೆ ಒಣಗುತ್ತಾ ಕುಗ್ಗಿ ಜೋಡಣೆ ಸಡಿಲವಾಗುತ್ತದೆ.

ನೆಕ್ ಬಾಗುವ ಸಮಸ್ಯೆ

ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ. ದಾಟುತ್ತದೆ. ಈ ಭಾರ ಹೊರುವ ನೆಕ್ ನೇರವಾಗಿ ಉಳಿಯಬೇಕಾದರೆ ಚೆನ್ನಾಗಿ ಒಣಗಿದ, ನೇರ ಎಳೆಯ ಮರ ಬೇಕು. ಕೆಲವರು ಎರಡು ಮೂರು ಪಟ್ಟಿಗಳನ್ನು ಎಳೆಯ ದಿಕ್ಕು ಪರಸ್ಪರ ವಿರುದ್ಧ ಬರುವಂತೆ ಅಂಟಿಸಿ ನೆಕ್ ಮಾಡುತ್ತಾರೆ. ಒಂದು ಪಟ್ಟಿ ಒಂದು ಕಡೆ ಬಾಗಲು ಹೋದರೆ ಇನ್ನೊಂದು ತಡೆಯುತ್ತದೆ.

ಮರದೊಳಗಿನ ಒತ್ತಡ ಕತ್ತರಿಸಿದಾಗ ಬಿಡುಗಡೆಯಾಗಿ ಆಕಾರ ಬದಲಾಗುತ್ತದೆ. ಆದ್ದರಿಂದ ನೆಕ್ ಅನ್ನು ಒರಟಾಗಿ ಕತ್ತರಿಸಿ ಕೆಲವು ವಾರ ಬಿಟ್ಟು, ಮತ್ತೆ ಸಮತಟ್ಟು ಮಾಡಿ ಮುಂದುವರಿಯುವುದು ವಾಡಿಕೆ. ಒಳಗೆ ಹೊಂದಿಸಬಹುದಾದ ಟ್ರಸ್ ರಾಡ್ ಇದ್ದರೆ ಸಣ್ಣ ಬಾಗನ್ನು ಸರಿಪಡಿಸಬಹುದು. ಗಿಬ್ಸನ್ ಕಂಪನಿಯ ಥಡ್ಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಆದರೆ ನೆಕ್ ತಿರುಚಿಕೊಂಡರೆ ಟ್ರಸ್ ರಾಡ್‌ನಿಂದ ಪ್ರಯೋಜನವಿಲ್ಲ.

ಫಿಂಗರ್‌ಬೋರ್ಡ್ ಅಂಟಿಸುವಾಗಲೂ ಒಂದು ಮೋಸವಿದೆ. ನೀರಿನ ಆಧಾರದ ಬಿಳಿ ಅಥವಾ ಹಳದಿ ಅಂಟು ಹಚ್ಚಿದ ಮುಖ ತೇವ ಹೀರಿ ಹಿಗ್ಗುತ್ತದೆ. ಅಂಟು ಗಟ್ಟಿಯಾದ ಮೇಲೆ ಆ ನೀರು ನಿಧಾನವಾಗಿ ಹೊರಹೋಗುವಾಗ ನೆಕ್ ಬಾಗುತ್ತದೆ. ಅಂಟನ್ನು ತೆಳುವಾಗಿ ಹಚ್ಚುವುದು, ಉದ್ದನೆಯ ನೇರ ಹಲಗೆ ಇಟ್ಟು ಬಿಗಿಯುವುದು, ಕನಿಷ್ಠ ಒಂದೆರಡು ದಿನ ಕ್ಲ್ಯಾಂಪ್ ತೆಗೆಯದಿರುವುದು ಇದಕ್ಕೆ ಪರಿಹಾರ. ನೀರಿಲ್ಲದ ಎಪಾಕ್ಸಿ ಬಳಸುವವರೂ ಇದ್ದಾರೆ.

ಪಾಲಿಶ್ ಹಾಕಿದರೆ ತೇವ ತಡೆಯುವುದೇ?

ಅರಗಿನಿಂದ ಮಾಡುವ ಶೆಲ್ಯಾಕ್ ಆಗಲಿ, ಲ್ಯಾಕರ್ ಆಗಲಿ ತೇವದ ಚಲನೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ. ಗಿಟಾರ್‌ನ ಒಳಭಾಗಕ್ಕೆ ಸಾಮಾನ್ಯವಾಗಿ ಪಾಲಿಶ್ ಇರುವುದೇ ಇಲ್ಲ. ಧ್ವನಿರಂಧ್ರದ ಮೂಲಕ ಹವೆ ಒಳಗೆ ಹೋಗಿ ಬರುತ್ತಲೇ ಇರುತ್ತದೆ. ಹೊರಗೆ ಮಾತ್ರ ಪಾಲಿಶ್ ಇರುವುದರಿಂದ ಎರಡು ಮುಖಗಳು ಬೇರೆ ಬೇರೆ ವೇಗದಲ್ಲಿ ಸ್ಪಂದಿಸುತ್ತವೆ. ಪಾಲಿಶ್ ಹಾಕುವ ದಿನವೂ ಹವೆ ಒಣಗಿರಬೇಕು. ಮಳೆಯ ದಿನ ಲ್ಯಾಕರ್ ಸಿಂಪಡಿಸಿದರೆ ಮೇಲ್ಮೈ ಬೆಳ್ಳಗೆ ಮಸುಕಾಗುತ್ತದೆ.

ಇತ್ತೀಚೆಗೆ ಜನಪ್ರಿಯವಾಗಿರುವ ಟಾರಿಫೈಡ್ ಮರ, ಅಂದರೆ ಆಮ್ಲಜನಕ ಕಡಿಮೆಯಿರುವ ಕುಲುಮೆಯಲ್ಲಿ ಹೆಚ್ಚು ಉಷ್ಣತೆಗೆ ಕಾಯಿಸಿದ ಮರ, ಸಾಮಾನ್ಯ ಮರಕ್ಕಿಂತ ಕಡಿಮೆ ತೇವ ಹೀರುತ್ತದೆ. ಆದರೆ ಅದು ಹೆಚ್ಚು ಪೆಡಸಾಗಿರುವುದರಿಂದ ಕೆಲಸ ಮಾಡುವಾಗ ಸುಲಭವಾಗಿ ಸೀಳುತ್ತದೆ.

ಸಿದ್ಧ ಗಿಟಾರ್ ಕಾಪಾಡಿಕೊಳ್ಳುವುದು

ಒಣ ಹವೆಯ ಲಕ್ಷಣಗಳು: ಫ್ರೆಟ್‌ಗಳ ತುದಿ ಕೈಗೆ ಚುಚ್ಚುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ ಎಂಬುದೇ ಇದಕ್ಕೆ ಕಾರಣ. ತಂತಿಗಳು ತಗ್ಗಿ ಫ್ರೆಟ್‌ಗೆ ತಾಗಿ ಜುಮ್ಮೆನ್ನುತ್ತವೆ. ಧ್ವನಿರಂಧ್ರದ ಸುತ್ತ ಹಲಗೆ ತಗ್ಗಾಗುತ್ತದೆ.

ಹೆಚ್ಚು ತೇವದ ಲಕ್ಷಣಗಳು: ತಂತಿಗಳು ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಬ್ರಿಡ್ಜ್ ಹಿಂದೆ ಹಲಗೆ ಉಬ್ಬುತ್ತದೆ. ಧ್ವನಿ ದಪ್ಪವಾಗಿ ಮಂಕಾಗುತ್ತದೆ. ಒಳಗೆ ಬೂಷ್ಟು ವಾಸನೆ ಬರುತ್ತದೆ.

ದೆಹಲಿಯ ಬೇಸಿಗೆಯಲ್ಲಿ, ಪುಣೆ ಮತ್ತು ಹೈದರಾಬಾದ್‌ನ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಗಿಟಾರ್ ಅನ್ನು ಗೋಡೆಗೆ ತೂಗುಹಾಕದೆ ಗಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು. ರಂಧ್ರ ಮಾಡಿದ ಸೋಪಿನ ಡಬ್ಬಿಯಲ್ಲಿ ನೀರು ತೊಟ್ಟಿಕ್ಕದಂತೆ ಹಿಂಡಿದ ಸ್ಪಂಜ್ ಇಟ್ಟು ಅದನ್ನು ಪೆಟ್ಟಿಗೆಯೊಳಗೆ ಇಡಬಹುದು. ನೀರಿನ ಕೂಲರ್ ಹವೆಗೆ ತೇವ ಸೇರಿಸುತ್ತದೆಯಾದರೂ ಅದರ ಗಾಳಿ ನೇರವಾಗಿ ಗಿಟಾರ್‌ಗೆ ಬೀಸಬಾರದು. ಚಳಿಗಾಲದ ಹೀಟರ್ ಪಕ್ಕದಲ್ಲೂ ಇಡಬಾರದು. ಮುಂಬೈ, ಚೆನ್ನೈ, ಮಂಗಳೂರಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ತೇವ ಹೀರಿ ಬಣ್ಣ ಬದಲಾದಾಗ ಬಿಸಿ ಮಾಡಿ ಮರುಬಳಸಬಹುದು. ಪೆಟ್ಟಿಗೆಯೊಳಗಿನ ಆರ್ದ್ರತೆ ಶೇ. 40-55ರ ನಡುವೆ ಇದ್ದರೆ ಚಿಂತೆಯಿಲ್ಲ.

ಊರಿಂದ ಊರಿಗೆ ಗಿಟಾರ್ ಕೊಂಡೊಯ್ದಾಗ ತಲುಪಿದ ಕೂಡಲೇ ಪೆಟ್ಟಿಗೆ ತೆರೆಯಬಾರದು. ಕೆಲವು ಗಂಟೆ ಮುಚ್ಚಿಯೇ ಇಟ್ಟರೆ ಮರ ಹೊಸ ಹವೆಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ.

ಬಿರುಕು ಬಿಟ್ಟರೆ ಏನು ಮಾಡಬೇಕು?

ಬೇಸಿಗೆಯಲ್ಲಿ ಬಿಟ್ಟ ಬಿರುಕಿಗೆ ತಕ್ಷಣ ಅಂಟು, ಮರದ ಪುಡಿ ತುಂಬುವುದು ಸಾಮಾನ್ಯ ತಪ್ಪು. ಒಣಗಿ ಅಗಲವಾದ ಸೀಳಿಗೆ ಏನನ್ನಾದರೂ ತುಂಬಿದರೆ, ಮಳೆಗಾಲದಲ್ಲಿ ಹಲಗೆ ಹಿಗ್ಗಿದಾಗ ಅದಕ್ಕೆ ಜಾಗವಿಲ್ಲದೆ ಪಕ್ಕದಲ್ಲಿ ಉಬ್ಬು ಬರುತ್ತದೆ. ಮೊದಲು ತಂತಿಗಳನ್ನು ಸಡಿಲಿಸಿ, ಗಿಟಾರ್ ಅನ್ನು ಶೇ. 50ರ ಆಸುಪಾಸಿನ ಆರ್ದ್ರತೆಯಲ್ಲಿ ಒಂದೆರಡು ವಾರ ಇಡಬೇಕು. ಹೊಸ ಬಿರುಕಾಗಿದ್ದರೆ ಬಹುತೇಕ ತಾನಾಗಿಯೇ ಹತ್ತಿರ ಬರುತ್ತದೆ. ಆಗ ಅಂಟು ಸೇರಿಸಿ, ಒಳಗಿನಿಂದ ಎಳೆಗೆ ಅಡ್ಡವಾಗಿ ಸಣ್ಣ ಮರದ ತುಣುಕುಗಳನ್ನು ಅಂಟಿಸಿದರೆ ದುರಸ್ತಿ ಬಾಳಿಕೆ ಬರುತ್ತದೆ. ಹಳೆಯ, ಬೆಲೆಬಾಳುವ ವಾದ್ಯವಾದರೆ ಅನುಭವಿ ದುರಸ್ತಿಗಾರರ ಕೈಗೆ ಕೊಡುವುದು ಒಳ್ಳೆಯದು.

ಮೊದಲ ಗಿಟಾರ್ ಕಟ್ಟಲು ಹೊರಟವರು ದುಬಾರಿ ಉಪಕರಣಗಳ ಪಟ್ಟಿ ಮಾಡುವ ಮುನ್ನ ಉಪ್ಪಿನಲ್ಲಿ ಪರೀಕ್ಷಿಸಿದ ಒಂದು ಹೈಗ್ರೋಮೀಟರ್ ತಂದು ಕೆಲಸದ ಕೋಣೆಯಲ್ಲಿ ತೂಗುಹಾಕಿ, ಬೆಳಿಗ್ಗೆ ಸಂಜೆ ಅಂಕಿ ಬರೆದಿಡುವುದರಿಂದ ಆರಂಭಿಸಬಹುದು. ತಮ್ಮ ಕೋಣೆಯ ಹವೆ ವರ್ಷದ ಯಾವ ವಾರಗಳಲ್ಲಿ ಶೇ. 45ರ ಹತ್ತಿರ ಬರುತ್ತದೆ, ಯಾವಾಗ ಯಂತ್ರದ ನೆರವು ಬೇಕು ಎಂಬುದು ಒಂದು ವರ್ಷದ ದಾಖಲೆಯಿಂದ ಸ್ಪಷ್ಟವಾಗುತ್ತದೆ. ಬ್ರೇಸ್‌ಗೆ ಅಂಟು ಹಾಕುವ ದಿನವನ್ನು ಆ ಪುಸ್ತಕ ನೋಡಿ ನಿಗದಿ ಮಾಡಬಹುದು.